ಗೋದಾಮಿನಲ್ಲಿ ಹುಟ್ಟಿದವರು

ಕನ್ನಡಕ ಹುಡುಕಲು ಹೊರಟರೆ ಕನ್ನಡಕವೊಂದನ್ನು ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ. ಮೊನ್ನೆ ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದಾಗ ಹಸಿರು ಪಟ್ಟಿಯ ಒಂದು ಬ್ಯಾಡ್ಜು ಸಿಕ್ಕಿತು. ಪ್ಲಾಸ್ಟಿಕ್ ಹೊದಿಕೆಯೊಳಗೆ ನನ್ನ ಹೆಸರು, ಅದರ ಕೆಳಗೆ ‘ಸದಸ್ಯೆ, ಪೇಟೆವಾಸ ಪ್ರೋತ್ಸಾಹ ಸಮಿತಿ’. ನನ್ನ ಹೆಸರಿನಲ್ಲೇ ಒಂದು ಒತ್ತಕ್ಷರ ತಪ್ಪಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಮಕ್ಕಳ ಒತ್ತಕ್ಷರಗಳಿಗೆ ಕೆಂಪು ಶಾಯಿ ಸುರಿದವಳು ನಾನು. ಅಂಥವಳು ಈ ತಪ್ಪನ್ನು ಕೊರಳಿಗೆ ನೇತುಹಾಕಿಕೊಂಡು ಆರು ಸಭೆಗಳಿಗೆ ಹೋಗಿ ಬಂದಿದ್ದೆ. ಬೋಂಡಾ ತಿಂದಿದ್ದೆ. ತೋರಿಸಿದ ಕಡೆಯಲ್ಲಿ ಸಹಿಯನ್ನೂ ಹಾಕಿದ್ದೆ. ಆ ಸಹಿಯ ವಿಷಯವನ್ನು ಇವತ್ತು ನಿಮ್ಮೊಡನೆ ಹೇಳಿಕೊಂಡುಬಿಡೋಣ ಅನಿಸಿದೆ.

ಊರಿನ ಹೆಸರು ಹೇಳುವುದಿಲ್ಲ. ಕೊಡಗಿನಲ್ಲಿ ಪೇಟೆ ಅನ್ನಿಸಿಕೊಂಡವು ಬೆರಳೆಣಿಕೆಯಷ್ಟು. ಹೆಸರು ಹೇಳಿದರೆ ನಾಳೆ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ನಾಪೋಕ್ಲು ಬಸ್ಸೂ ಬಾಳೆಲೆ ಬಸ್ಸೂ ಬಂದುಹೋಗುವ ಒಂದು ಪೇಟೆ ಎಂದುಕೊಳ್ಳಿ, ಸಾಕು. ಮೇಲೆ ಬಸ್‌ಸ್ಟ್ಯಾಂಡು. ಅಲ್ಲಿಂದ ಒಂದೇ ಮುಖ್ಯರಸ್ತೆ ಇಳಿಜಾರಿನಲ್ಲಿ ಹೊರಟು ಸಂತೆ ಮೈದಾನಕ್ಕೆ ಬಂದು ಸುಸ್ತಾಗಿ ಕೂತುಬಿಡುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಬಾಯಿಗೆ ಹಾಕಿಕೊಂಡ ಎಲೆಯಡಿಕೆಯನ್ನು ಮೈದಾನದಲ್ಲಿ ಉಗುಳಬಹುದು, ಅಷ್ಟೇ ಉದ್ದ.

ಈ ಉದ್ದಕ್ಕೆ ‘ಡೌನ್‌ಟೌನ್’ ಎಂಬ ಹೆಸರು ಬಂದದ್ದು ಬೆಂಗಳೂರಿನಿಂದ ಬಂದ ಯೋಜನಾ ತಜ್ಞನಿಂದ. ಗಡ್ಡವನ್ನು ಅಳೆದು ಕತ್ತರಿಸಿಕೊಂಡಿದ್ದ, ಒಳ್ಳೆಯ ಶೂ ಹಾಕಿದ್ದ, ಮಾತಿಗೊಮ್ಮೆ ‘ಜೀವಂತಿಕೆ’ ಎನ್ನುತ್ತಿದ್ದ. ನಮ್ಮಲ್ಲಿ ಟೌನಿನಿಂದ ಡೌನಿಗೆ ಹೋದರೆ ಸಿಗುವುದು ಮೋರಿ ಮತ್ತು ಮೀನು ಮಾರ್ಕೆಟ್ಟು. ಅವನ ಪ್ರಕಾರ ನಮ್ಮ ಡೌನ್‌ಟೌನ್ ಸಂಜೆಯಾದ ಮೇಲೆ ಸತ್ತುಹೋಗುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಅಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಜನ ಮತ್ತೆ ಪೇಟೆಯೊಳಗೇ ವಾಸ ಮಾಡುವಂತೆ ಪ್ರೋತ್ಸಾಹಿಸಬೇಕು, ಅಂಗಡಿಗಳ ಮೇಲೆ ಮನೆ ಕಟ್ಟುವವರಿಗೆ ಹೆಚ್ಚಿನ ಅಂತಸ್ತಿಗೆ ಅನುಮತಿ ಕೊಡಬೇಕು, ಕಾಗದಪತ್ರ ಬೇಗ ಮಾಡಿಕೊಡಬೇಕು ಎಂಬುದು ಯೋಜನೆ. ಅದಕ್ಕೊಂದು ಸಮಿತಿ. ಸಮಿತಿಗೆ ‘ಪೇಟೆವಾಸದ ಅನುಭವವುಳ್ಳ ಹಿರಿಯ ನಾಗರಿಕ’ ಬೇಕೆಂದು ಪಟ್ಟಣ ಪಂಚಾಯಿತಿಯವರು ನನ್ನನ್ನು ಹುಡುಕಿಕೊಂಡು ಬಂದರು. ಅನುಭವ ಇದ್ದದ್ದು ಸುಳ್ಳಲ್ಲ. ಹಿರಿಯಳಾದದ್ದೂ ಸುಳ್ಳಲ್ಲ. ಕರೆದರು ಎಂದು ಉಬ್ಬಿಹೋದದ್ದಂತೂ ಅಪ್ಪಟ ಸತ್ಯ.

ನಾನು ಹುಟ್ಟಿ ಬೆಳೆದದ್ದು ಆ ಮುಖ್ಯರಸ್ತೆಯ ನಟ್ಟನಡುವೆ, ಅಪ್ಪನ ಟೈಲರ್ ಅಂಗಡಿಯ ಮೇಲೆ. ಅಪ್ಪ ಅರಕಲಗೂಡಿನ ಕಡೆಯಿಂದ ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಬಂದವರು. ಅಮ್ಮ ಇಲ್ಲಿಯವಳೇ, ಅರೆಭಾಷೆ ಮನೆಮಾತು. ಅಂಗಡಿ ಇದ್ದದ್ದು ಶ್ರೀಮಂಗಲದ ಕಡೆ ಎಸ್ಟೇಟು ಇದ್ದ ಒಬ್ಬ ಪ್ಲಾಂಟರ ಕಟ್ಟಡದಲ್ಲಿ. ನಾಲ್ಕು ಮಳಿಗೆ ಸಾಲಾಗಿದ್ದವು. ತೋಟದ ಕೂಲಿಗಳ ಸಾಲುಮನೆಗಳ ಹಾಗೆ ಪ್ಲಾಂಟರ ಬಾಯಲ್ಲಿ ಅದೂ ‘ಲೈನು’. ಪ್ರತಿ ಮಳಿಗೆಯ ಮೇಲೂ ಒಂದು ಮನೆ, ಪ್ರತಿ ಮನೆಯಲ್ಲೂ ಒಂದು ಸಂಸಾರ. ನಮ್ಮದು ಹಲಗೆಯ ನೆಲ. ಅದರಲ್ಲಿ ಒಂದು ಗಂಟು ಉದುರಿ ಎಂಟಾಣೆಯಷ್ಟಗಲ ತೂತಾಗಿತ್ತು. ಆ ತೂತಿನಿಂದ ನೋಡಿದರೆ ಕೆಳಗೆ ಅಳತೆ ಕೊಡಲು ನಿಂತವರ ನೆತ್ತಿ ಕಾಣುತ್ತಿತ್ತು. ಊರಿನ ದೊಡ್ಡ ಮನುಷ್ಯರನ್ನೆಲ್ಲ ನಾನು ಮೊದಲು ಕಂಡದ್ದು ನೆತ್ತಿಯ ಕಡೆಯಿಂದ. ಹಾಗಾಗಿ ಯಾರ ಬಗ್ಗೆಯೂ ಅತಿಯಾದ ಗೌರವ ಬೆಳೆಯದೇ ಹೋಯಿತು. ಒಮ್ಮೆ ತೂತಿನಿಂದ ಹುಣಸೆಬೀಜ ಬಿಟ್ಟೆ. ಅದು ಮದುವೆಗೆಂದು ಕುಪ್ಯಕ್ಕೆ, ಕೊಡವರ ಆ ನಿಲುವಂಗಿಗೆ, ಅಳತೆ ಕೊಡುತ್ತಿದ್ದವರೊಬ್ಬರ ಬೋಳುನೆತ್ತಿಗೆ ಬಿದ್ದು ಟಣ್ಣನೆ ಪುಟಿಯಿತು. ಅಮ್ಮ ಅಡುಗೆಮನೆಯಿಂದಲೇ, “ಎಂಥ ಉಟ್ಟು ಅಲ್ಲಿ?” ಎಂದು ಕೇಳಿದಳು. ಏನೂ ಇಲ್ಲ ಎಂದೆ. ಕೆಳಗಿನಿಂದ ಅಪ್ಪ, “ಏನೂ ಇಲ್ಲ ಅನ್ನೋದನ್ನ ಇನ್ನೊಂದು ಸಲ ಹಾಕಬೇಡ ಅನ್ನು ಅವಳಿಗೆ,” ಎಂದರು.

ಪಕ್ಕದ ಮಳಿಗೆಯ ಮೇಲೆ ಪೊನ್ನವ್ವ ಎಂಬ ನರ್ಸಮ್ಮ ಇದ್ದರು. ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಉಳಿದ ಹೊತ್ತಿನಲ್ಲಿ ಪೇಟೆಯ ಹೆರಿಗೆಗಳನ್ನು ಮಾಡಿಸುತ್ತಿದ್ದರು. ನನ್ನನ್ನು ಭೂಮಿಗೆ ಇಳಿಸಿಕೊಂಡವರೂ ಅವರೇ. ನಾನು ಏನಾದರೂ ಅಧಿಕಪ್ರಸಂಗ ಮಾತಾಡಿದರೆ, “ನೀನು ತಲೆಗಿಂತ ಮೊದಲು ಬಾಯಿ ಹೊರಗೆ ಹಾಕಿದವಳು,” ಎನ್ನುತ್ತಿದ್ದರು. ಕೆಳಗೆ ಚಾದಂಗಡಿಯಿತ್ತು. ಬೆಳಿಗ್ಗೆ ಮೊದಲ ಬಸ್ಸಿನ ಹಾರ್ನು ಕೇಳಿದರೆ ಹಾಲಿಡಬೇಕು, ಮೂರನೆಯದು ಕೇಳಿದರೆ ಶಾಲೆಗೆ ಓಡಬೇಕು. ಕೊಡವ ತಕ್ಕ್, ಮಲಯಾಳಂ, ತುಳು, ಉರ್ದು ಎಲ್ಲವೂ ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತಿದ್ದವು. ನನ್ನ ಕನ್ನಡ ಅಷ್ಟು ಶುದ್ಧವಾಗಿದ್ದದ್ದು ಹೇಗೆಂದು ಮೇಷ್ಟರುಗಳು ಆಶ್ಚರ್ಯಪಡುತ್ತಿದ್ದರು. ಅದು ಶುದ್ಧವಾಗಿರಲಿಲ್ಲ, ನಾನು ಶಾಲೆಯಲ್ಲಿ ಕಡಿಮೆ ಮಾತಾಡುತ್ತಿದ್ದೆ.

ಇಷ್ಟೆಲ್ಲ ಸೊಗಸಾಗಿದ್ದರೆ ಬಿಟ್ಟುಹೋದದ್ದು ಯಾಕೆ ಎಂದು ನೀವು ಕೇಳಬಹುದು. ಅಂಗಡಿಯ ಮೇಲೆ ಇರುತ್ತೇವೆ ಎನ್ನಲು ನನಗೆ ನಾಚಿಕೆಯಿತ್ತು, ಅದಕ್ಕೆ. ಮದುವೆಯಾಗಿ ಬೇರೆ ಮನೆಗೆ ಹೋದೆ. ಕಣ್ಣು ಮಂಜಾದ ಮೇಲೆ ಅಪ್ಪ ಅಂಗಡಿಯನ್ನೂ ಮೇಲಿನ ಮನೆಯನ್ನೂ ತಮ್ಮ ಕೈಕೆಳಗೆ ಕಲಿತ ಉಮ್ಮರ್‌ಗೆ ಬಿಟ್ಟುಕೊಟ್ಟು ಅಮ್ಮನೊಂದಿಗೆ ನಮ್ಮಲ್ಲಿಗೆ ಬಂದರು. ನಂತರ ನಾನು ನಮ್ಮ ಯಜಮಾನರ ತಲೆ ತಿಂದು ಪೇಟೆಯಿಂದ ಮೂರು ಕಿಲೋಮೀಟರ್ ಆಚೆ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಬಡಾವಣೆಯ ಕಮಾನಿನ ಮೇಲೆ ಇಂಗ್ಲಿಷ್ ಹೆಸರೊಂದಿದೆ. ಅದರಲ್ಲಿ ಹಸಿರೂ ಬರುತ್ತದೆ, ಕಣಿವೆಯೂ ಬರುತ್ತದೆ. ಕಮಾನು ಎದ್ದದ್ದು ಹಸಿರನ್ನು ಪೂರ್ತಿ ಕೆರೆದು ಕಣಿವೆಗೆ ಮಣ್ಣು ತುಂಬಿದ ಮೇಲೆ. ಮೊದಲು ಅದು ಗದ್ದೆ. ಗದ್ದೆಗೆ ಆ ವಿಷಯ ಮರೆತಿಲ್ಲ. ಜೂನ್ ತಿಂಗಳಲ್ಲಿ ನಮ್ಮ ನಡುಮನೆಗೆ ಕಪ್ಪೆಗಳು ಬರುತ್ತವೆ, ಹಕ್ಕಿನಿಂದ ಬಂದವರ ಹಾಗೆ ಸೋಫಾದ ಕೆಳಗೆ ಕೂರುತ್ತವೆ. ಒಂದು ಕಟ್ಟು ಕೊತ್ತಂಬರಿ ಬೇಕಾದರೆ ಸ್ಕೂಟರ್ ತೆಗೆಯಬೇಕು. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಾದದ್ದು ಅವರ ನಾಯಿ ನಮ್ಮವರನ್ನು ಕಚ್ಚಿ, ಚುಚ್ಚುಮದ್ದಿನ ಚೀಟಿಯಲ್ಲಿ ನಾಯಿಯ ಮಾಲೀಕರ ಹೆಸರು ಬರೆಯಬೇಕಾಗಿ ಬಂದಾಗ. ಇಂಥ ಘನತೆಯ ಜಾಗದಲ್ಲಿ ಕೂತು ನಾನು ಪೇಟೆಯಲ್ಲಿ ವಾಸ ಮಾಡಿರೆಂದು ಇತರರನ್ನು ಪ್ರೋತ್ಸಾಹಿಸಲು ಒಪ್ಪಿಕೊಂಡೆ.

ಸಮಿತಿಯ ಸಭೆಗಳನ್ನು ವರ್ಣಿಸಿ ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ಸುತ್ತ ನಾಲ್ಕು ದಿಕ್ಕಿಗೂ ಕಾಫಿ ತೋಟ ಇರುವ ಊರಿನಲ್ಲಿ, ಬಿಸಿನೀರಿಗೆ ಪುಡಿ ಕಲಸಿದ ಡಬ್ಬಿ ಕಾಫಿಯನ್ನು ಕಾಗದದ ಲೋಟದಲ್ಲಿ ಕೊಡುತ್ತಿದ್ದರು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ನಾಲ್ಕನೆಯ ಸಭೆಯಲ್ಲಿ ತಜ್ಞನ ಕಡೆಯವರು ಮಾಡಿದ ಸಮೀಕ್ಷೆಯ ವರದಿ ಬಂತು. ಇಟ್ಟಿಗೆಯಷ್ಟು ದಪ್ಪ. ಬೋಂಡಾಕ್ಕೂ ಕಾಫಿಗೂ ನಡುವಿನ ಬಿಡುವಿನಲ್ಲಿ ಅದು ನನ್ನ ಮುಂದೆ ಬಂದಾಗ ಕೊನೆಯ ಪುಟ ತೆರೆದೇ ಇತ್ತು. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಹಿರಿಯಳೆಂದು ಎಲ್ಲರಿಗಿಂತ ಮೇಲೆ, ನನ್ನ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದೆ.

ಆಮೇಲೆ ಸಾರ್ವಜನಿಕ ಸಭೆ ನಡೆಯಿತು. ಸಮುದಾಯ ಭವನ ತುಂಬಿತ್ತು. ತಜ್ಞ ಗೋಡೆಯ ಮೇಲೆ ಚಿತ್ರ ಬಿಟ್ಟ. ಚಿತ್ರದಲ್ಲಿ ನಮ್ಮ ಮುಖ್ಯರಸ್ತೆ ಎಂದು ಹೇಳಲಾದ ಒಂದು ರಸ್ತೆ ಇಸ್ತ್ರಿ ಮಾಡಿದಂತೆ ಸಮತಟ್ಟಾಗಿ ಮಲಗಿತ್ತು. ಇಕ್ಕೆಲದಲ್ಲಿ ಈ ಸೀಮೆಯಲ್ಲಿ ಬೆಳೆಯದ ಮರಗಳು, ಕೆಳಗೆ ಸೈಕಲ್ ತುಳಿಯುವ ಬಿಳಿ ಜನ, ಒಂದು ಕೂದಲು ನಾಯಿ. ನಮ್ಮ ರಸ್ತೆಯಲ್ಲಿ ಕೆಳಮುಖವಾಗಿ ಸೈಕಲ್ ಹತ್ತಿದವನು ಮೀನು ಮಾರ್ಕೆಟ್ಟಿನಲ್ಲೇ ನಿಲ್ಲುವುದು, ಮೇಲ್ಮುಖವಾಗಿ ಸೈಕಲ್ಲೇ ಮನುಷ್ಯನ ಮೇಲೆ ಬರುವುದು. ಪಟ್ಟಣ ಪಂಚಾಯಿತಿ ಅಧ್ಯಕ್ಷರು ತಲೆದೂಗುತ್ತಿದ್ದರು. ನಾನೂ ಬ್ಯಾಡ್ಜು ಕಾಣುವಂತೆ ಕೂತಿದ್ದೆ.

“ಈಗ ಪರಿಸ್ಥಿತಿ ಹೇಗಿದೆ ನೋಡಿ,” ಎಂದ ತಜ್ಞ. “ನಮ್ಮ ಸಮೀಕ್ಷೆಯ ಪ್ರಕಾರ ಇಂದು ಈ ರಸ್ತೆಯಲ್ಲಿ ವಾಸವಾಗಿರುವ ಕುಟುಂಬಗಳ ಸಂಖ್ಯೆ ಸೊನ್ನೆ.”

ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಜಮೀಲಾ. ಉಮ್ಮರ್‌ನ ಮಗಳು. ಉಮ್ಮರ್ ತೀರಿಕೊಂಡ ಮೇಲೆ ನಮ್ಮ ಅಪ್ಪನ ಅಂಗಡಿಯನ್ನು ನಡೆಸುತ್ತಿರುವವಳು ಅವಳೇ. ನನ್ನ ಹಳೆಯ ವಿದ್ಯಾರ್ಥಿನಿ.

“ಸಾರ್, ಒಂದು ಡೌಟು. ಆ ಸೊನ್ನೆಯಲ್ಲಿ ನಾವು ಎಷ್ಟನೇದು?”

ತಜ್ಞನಿಗೆ ಅರ್ಥವಾಗಲಿಲ್ಲ.

“ನಾವು ನಾಲ್ಕು ಜನ ಇದ್ದೇವೆ. ನಾನು, ನನ್ನ ಗಂಡ, ಮಗಳು, ಉಮ್ಮ. ಟೈಲರ್ ಅಂಗಡಿ ಮೇಲೆ.”

ಅವನು ಕಂಪ್ಯೂಟರಿನಲ್ಲಿ ಹುಡುಕಿದ. “ಅಮ್ಮ, ಅದು ಗೋದಾಮು ಅಂತ ನಮೂದಾಗಿದೆ.”

“ಬೆಳಿಗ್ಗೆ ಗೋದಾಮಲ್ಲಿ ಪತ್ತಿರಿ ರೊಟ್ಟಿ ಸುಟ್ಟು ಬಂದೆ ಸಾರ್. ಮಗಳು ಗೋದಾಮಲ್ಲೇ ಕೂತು ಪಿಯುಸಿಗೆ ಓದ್ತಾ ಇದ್ದಾಳೆ.”

ಜನ ನಕ್ಕರು. ಅಧ್ಯಕ್ಷರು ಮೈಕು ತೆಗೆದುಕೊಂಡು, “ಜಮೀಲಾ, ಅದನ್ನ ಆಮೇಲೆ ಮಾತಾಡುವ,” ಎಂದರು.

“ಆಮೇಲೆ ಅಂದ್ರೆ ಕೆಡವಿದ ಮೇಲೆಯಾ?”

ಈ ಸಲ ಯಾರೂ ನಗಲಿಲ್ಲ. ತಜ್ಞ ಕೆಟ್ಟವನಲ್ಲ, ಸುಮ್ಮನೆ ತನ್ನನ್ನು ಕಾಪಾಡಿಕೊಂಡ. “ಇದನ್ನು ಸ್ಥಳೀಯ ಸಮಿತಿ ಪರಿಶೀಲಿಸಿದೆ, ನೋಡಿ,” ಎಂದು ಕೊನೆಯ ಪುಟವನ್ನು ಗೋಡೆಗೆ ಬಿಟ್ಟ. ಅಲ್ಲಿ, ಒಂದು ಆಳೆತ್ತರದಲ್ಲಿ, ನನ್ನ ಸಹಿ ಬಂತು. ಪಕ್ಕದಲ್ಲಿ ಬೋಂಡಾದ ಎಣ್ಣೆಯ ಕಲೆಯೂ ಬಂತು. ಭವನದಲ್ಲಿ ಅರ್ಧದಷ್ಟು ಜನ ನನ್ನ ಕೈಯಲ್ಲಿ ಕಾಪಿ ತಿದ್ದಿಸಿಕೊಂಡವರು. ಯಾರ ಸಹಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಜಮೀಲಾ ಅದನ್ನು ಓದಿದಳು, ನನ್ನ ಕಡೆ ತಿರುಗಿ ನೋಡಿದಳು, ಕೂತಳು. ನಾನು ಬ್ಯಾಡ್ಜನ್ನು ಸೆರಗಿನ ಒಳಗೆ ಸೇರಿಸಿಕೊಂಡೆ.

ಮರುದಿನ ಬೆಳಿಗ್ಗೆ ಅವಳ ಅಂಗಡಿಗೆ ಹೋದೆ. ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ನಾನು ಅದನ್ನ ಓದಲಿಲ್ಲ ಜಮೀಲಾ.”

“ಗೊತ್ತು ಟೀಚರೇ. ಓದಿದ್ರೆ ಅದರಲ್ಲಿದ್ದ ಒತ್ತಕ್ಷರ ತಿದ್ತಾ ಇದ್ರಿ.”

ಅವಳು ಗೆರೆ ಮುಗಿಸಿ, “ಬನ್ನಿ ಮೇಲೆ, ಗೋದಾಮು ನೋಡಿ,” ಎಂದಳು.

ಮೂವತ್ತು ವರ್ಷಕ್ಕಿಂತ ಹೆಚ್ಚಾಗಿತ್ತು ನಾನು ಆ ಮೆಟ್ಟಿಲು ಹತ್ತಿ. ದಾರಿಯಲ್ಲಿ ನೂರು ಸಲ ಹೋಗಿದ್ದೆ, ರವಿಕೆ ಹೊಲಿಸಲು ಕೊಟ್ಟಿದ್ದೆ, ಮೇಲೆ ಹೋಗಿರಲಿಲ್ಲ. ಒಳಗೆ ಜಮೀಲಾಳ ತಾಯಿ, ಉಮ್ಮ, ಅಕ್ಕಿ ಆರಿಸುತ್ತಿದ್ದರು. ಅಮ್ಮನ ಒಲೆಯಿದ್ದ ಜಾಗದಲ್ಲಿ ಗ್ಯಾಸು ಬಂದಿತ್ತು. ಕಿಟಕಿಯ ಹತ್ತಿರ ಮಗಳ ಪುಸ್ತಕಗಳು. ನೆಲದ ತೂತಿಗೆ ಡಬ್ಬಿಯ ಮುಚ್ಚಳವೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಉಮ್ಮ ನನ್ನನ್ನು ಕೂರಿಸಿ ಪತ್ತಿರಿ ಹಾಕಿದರು. ಸಭೆಯ ವಿಷಯ ಎತ್ತಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ವಿಷಯವೇನೆಂದು ಜಮೀಲಾ ಬಿಡಿಸಿ ಹೇಳಿದಳು. ಪ್ಲಾಂಟರು ತೀರಿಕೊಂಡು ಕಟ್ಟಡ ಮಗ ಬೋಪಯ್ಯನವರಿಗೆ ಬಂದಿತ್ತು. ಯೋಜನೆ ಬಂದದ್ದೇ ಅವರು ಹಳೆಯದನ್ನು ಕೆಡವಿ, ಕೆಳಗೆ ಮಳಿಗೆ, ಮೇಲೆ ಹನ್ನೊಂದು ಮನೆ ಕಟ್ಟಲು ಹೊರಟಿದ್ದರು. ಯೋಜನೆಯಲ್ಲಿ ಒಂದು ನಿಯಮವಿತ್ತು: ಈಗ ವಾಸವಿರುವವರಿಗೆ ಹೊಸ ಕಟ್ಟಡದಲ್ಲಿ ಮೊದಲು ಮನೆ ಕೊಟ್ಟು ಆಮೇಲೆ ಉಳಿದವರಿಗೆ ಕೊಡಬೇಕು. ಒಳ್ಳೆಯ ನಿಯಮ. ಆದರೆ ವಾಸವಿರುವವರ ಸಂಖ್ಯೆ ಸೊನ್ನೆ. ಹೀಗಾಗಿ ಹೊಸ ಕಟ್ಟಡದಲ್ಲಿ ಟೈಲರ್ ಅಂಗಡಿಗೆ ಜಾಗವಿತ್ತು, ಹೊಲಿಗೆ ಯಂತ್ರಕ್ಕೆ ಜಾಗವಿತ್ತು, ಹೊಲಿಯುವವಳಿಗೆ ಇರಲಿಲ್ಲ. ಪೇಟೆಗೆ ಜನರನ್ನು ತರುವ ಯೋಜನೆಯ ಮೊದಲ ಕೆಲಸ, ಪೇಟೆಯಲ್ಲಿ ಉಳಿದಿದ್ದ ಕಟ್ಟಕಡೆಯ ಸಂಸಾರವನ್ನು ಹೊರಗೆ ಹಾಕುವುದು.

“ಬೋಪಯ್ಯನವರ ಹತ್ತಿರ ಕೇಳಿದೆಯಾ?”

“ಕಾಫಿ ಪಿಕ್ಕಿಂಗ್ ಮುಗಿಲಿ, ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಹೇಳು ಅಂದ್ರು. ರೈಟರ್ ಹತ್ರ ಹೋದ್ರೆ, ಲಿಸ್ಟಲ್ಲಿ ನಿನ್ನ ಹೆಸರಿಲ್ಲ ಅಂದ್ರು.”

ಇಬ್ಬರೂ ಪಟ್ಟಣ ಪಂಚಾಯಿತಿಗೆ ಹೋದೆವು. ಸಮೀಕ್ಷೆ ತಿದ್ದಬೇಕು ಎಂದೆ. ಅಲ್ಲಿದ್ದ ಅಧಿಕಾರಿ ಬಹಳ ಮರ್ಯಾದೆಯಿಂದ ಕುರ್ಚಿ ತೋರಿಸಿದರು. ಕಚೇರಿಗಳಲ್ಲಿ ಕುರ್ಚಿ ಕೊಟ್ಟರು ಎಂದರೆ ಇನ್ನೇನೂ ಕೊಡುವುದಿಲ್ಲ ಎಂದೇ ಅರ್ಥ.

“ಮೇಲಂತಸ್ತು ವಾಣಿಜ್ಯ ಉಪಯೋಗ ಅಂತ ಇದೆ ಮೇಡಂ. ಅದು ಮನೆ ಅನ್ನೋದಕ್ಕೆ ದಾಖಲೆ ಬೇಕು.”

ಜಮೀಲಾ ರೇಷನ್ ಕಾರ್ಡು ಇಟ್ಟಳು.

“ಇದು ಆಹಾರ ಇಲಾಖೆಯದು.”

ಮತದಾರರ ಚೀಟಿ ಇಟ್ಟಳು.

“ಇದು ಚುನಾವಣೆಯವರದ್ದು.”

ಆಧಾರ್ ಇಟ್ಟಳು.

“ಇದು ಕೇಂದ್ರದ್ದಲ್ವಾ ಅಮ್ಮ. ನಮ್ಮ ಕಚೇರಿ ದಾಖಲೆಯಲ್ಲಿ ಅದು ಮನೆ ಅಂತ ಇರ್ಬೇಕು.”

ಅಂದರೆ ಅಕ್ಕಿ ಕೊಡುವ ಸರ್ಕಾರಕ್ಕೆ ಜಮೀಲಾ ಇದ್ದಾಳೆ, ವೋಟು ಕೇಳುವ ಸರ್ಕಾರಕ್ಕೆ ಇದ್ದಾಳೆ, ದಿಲ್ಲಿಯಲ್ಲಿ ಕೂತವರಿಗೂ ಬೆರಳಿನ ಗುರುತು ಸಮೇತ ಇದ್ದಾಳೆ. ಅವಳ ಕಿಟಕಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಈ ಕಚೇರಿಗೆ ಮಾತ್ರ ಅವಳಿಲ್ಲ. ನನಗೆ ರೇಗಿತು. ಸಿಟ್ಟು ಬಂದರೆ ನನ್ನ ಗ್ರಾಂಥಿಕ ಕನ್ನಡ ಬಿಟ್ಟುಹೋಗುತ್ತದೆ.

“ಎಂತ ಮನೆಯಲ್ಲ ಮಾರಾಯ್ರೆ? ನಾನು ಹುಟ್ಟಿದ್ದೇ ಅಲ್ಲಿ.”

“ಅದಕ್ಕೆ ದಾಖಲೆ ಉಂಟಾ ಮೇಡಂ?” ಎಂದರು ಅಧಿಕಾರಿ, ಪೂರ್ಣ ವಿನಯದಿಂದ.

ಮೂಲೆಯ ಮೇಜಿನಲ್ಲಿ ಕೂತಿದ್ದ ಗುಮಾಸ್ತೆ ತಲೆ ಎತ್ತಿದಳು. ಭವ್ಯ ಎಂದು ಹೆಸರು, ಕುಶಾಲನಗರದ ಆಚೆಯ ಹಳ್ಳಿಯವಳು. “ಸಾರ್, ಜನನ ಮರಣದ ಹಳೇ ರಿಜಿಸ್ಟ್ರು ನಮ್ ರೂಮಲ್ಲೇ ಅವೆ ಕಣ್ ಸಾರ್. ಹುಟ್ಟಿದ ಜಾಗ ಬರ್ದಿರ್ತಾರೆ. ಅದು ನಮ್ ಕಚೇರೀದೇ ತಾನೆ.”

ಅಧಿಕಾರಿ ಅವಳನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೌಕರಿಗೆ ಹೊಸಬಳು, ಪಾಪ. ಕೇಳಿದ್ದಕ್ಕೆ ಉತ್ತರ ಕೊಡಬಾರದೆಂದು ಇನ್ನೂ ಯಾರೂ ಕಲಿಸಿರಲಿಲ್ಲ.

ಆ ಕೋಣೆಯಲ್ಲಿ ಎರಡು ದಿನ ಧೂಳು ಕುಡಿದೆವು. ಮೊದಲ ದಿನ ಗೆದ್ದಲು ತಿಂದ ಪುಸ್ತಕಗಳೇ ಸಿಕ್ಕವು. ನಾನು ಹುಟ್ಟಿದ ವರ್ಷವನ್ನೂ ಗೆದ್ದಲು ತಿಂದಿದ್ದರೆ ಎಂದು ಪ್ರತಿ ಪುಟವನ್ನೂ ಎರಡೆರಡು ಸಲ ತಿರುವಿದೆ. ಜಮೀಲಾ ಅಂಗಡಿ ಮುಚ್ಚಿ ಬಂದಿದ್ದಳು. ಪುಸ್ತಕಗಳ ಹರಿದ ಬೆನ್ನುಗಳನ್ನು ಕಂಡು ಸಹಿಸಲಾಗದೆ, ಸೂಜಿದಾರ ತಂದು ಎರಡನ್ನು ಹೊಲಿದೂ ಬಿಟ್ಟಳು. ಎರಡನೆಯ ದಿನ ಮಧ್ಯಾಹ್ನ ಭವ್ಯ, “ಸಿಕ್ತು ಕಣ್ ಮೇಡಂ,” ಎಂದಳು.

ಮಾಸಿದ ಮಸಿಯಲ್ಲಿ ಅಪ್ಪನ ಹೆಸರು, ಅಮ್ಮನ ಹೆಸರು. ಮಗು: ಹೆಣ್ಣು. ಜನನ ಸ್ಥಳ: ವಾಸದ ಮನೆ, ಮುಖ್ಯರಸ್ತೆ, ಟೈಲರ್ ಅಂಗಡಿ ಮೇಲಂತಸ್ತು. ತಿಳಿಸಿದವರು: ಪೊನ್ನವ್ವ, ದಾದಿ. ಆ ನರ್ಸಮ್ಮ ಗುಮಾಸ್ತನ ಅಂಕುಡೊಂಕು ಅಕ್ಷರದಲ್ಲಿ ‘ವಾಸದ ಮನೆ’ ಎಂದು ಬರೆಸಿಟ್ಟಿದ್ದರು. ತಲೆಗಿಂತ ಮೊದಲು ಬಾಯಿ ಹೊರಗೆ ಹಾಕಿದ ವಿಷಯವನ್ನು ದೊಡ್ಡ ಮನಸ್ಸಿನಿಂದ ಬಿಟ್ಟಿದ್ದರು.

ಭವ್ಯಳಿಗೆ ಉತ್ಸಾಹ ಬಂದು ಹಿಂದಿನ ಮುಂದಿನ ಪುಟಗಳನ್ನೂ ಗಟ್ಟಿಯಾಗಿ ಓದತೊಡಗಿದಳು. ಮುಖ್ಯರಸ್ತೆ, ಮೇಲಂತಸ್ತು. ಮುಖ್ಯರಸ್ತೆ, ಮೇಲಂತಸ್ತು. ಮುಖ್ಯರಸ್ತೆ, ಅಕ್ಕಿ ಅಂಗಡಿ ಮೇಲೆ. ಪೇಟೆ ತುಂಬ ಮಕ್ಕಳು ಹುಟ್ಟಿದ್ದವು. ಆಗಲೇ ಹೊರಗೆ ಹಾದುಹೋಗುತ್ತಿದ್ದ ಅಧ್ಯಕ್ಷರು ಬಾಗಿಲಲ್ಲಿ ನಿಂತರು.

“ಅಕ್ಕಿ ಅಂಗಡಿ ಮೇಲೆ ಅಂದ್ಯಲ್ಲ, ಯಾರದು?”

ಭವ್ಯ ಪುಸ್ತಕ ನೋಡಿದಳು, ಅವರ ಮುಖ ನೋಡಿದಳು. “ನಿಮ್ದೇ ಸಾರ್.”

ಅವರು ಒಳಗೆ ಬಂದು ಕನ್ನಡಕ ಹಾಕಿಕೊಂಡು ಓದಿದರು. ತಾಯಿಯ ಹೆಸರಿದ್ದ ಜಾಗದ ಮೇಲೆ ಬೆರಳಿಟ್ಟರು. “ಕೆಳಗೆ ಮೂಟೆ ಇಳಿಸೋ ಸದ್ದು ಕೇಳಿದ್ರೆ ನಾನು ಅಳು ನಿಲ್ಲಿಸ್ತಿದ್ದೆ ಅಂತ ಅಮ್ಮ ಹೇಳ್ತಿದ್ರು,” ಎಂದರು. ನಮ್ಮಲ್ಲಿ ಯಾರಿಗೂ ಅದನ್ನು ಹೇಳುತ್ತಿರಲಿಲ್ಲ, ಸುಮ್ಮನೆ ಹೇಳಿದ್ದು. ಕೋಣೆಯಲ್ಲಿ ಆ ಒಂದು ನಿಮಿಷ ನನಗೆ ಅವರ ಮೇಲಿದ್ದ ತಿರಸ್ಕಾರವೆಲ್ಲ ಇಳಿದುಹೋಯಿತು. ಆಮೇಲೆ ಅವರು ಜಮೀಲಾಳ ಕಡೆ ತಿರುಗಿ, “ಇದನ್ನ ನೀನು ಮೊದಲೇ ತಂದು ತೋರಿಸ್ಬೇಕಿತ್ತಲ್ಲ,” ಎಂದರು. ತಿರಸ್ಕಾರ ಬಂದು ತನ್ನ ಜಾಗದಲ್ಲಿ ಕೂತಿತು.

ವರದಿ ತಿದ್ದಲಾಯಿತು. ಸೊನ್ನೆ ಒಂದಾಯಿತು. ಬೋಪಯ್ಯನವರು ಜೀಪಿನಲ್ಲಿ ಬಂದಿಳಿದು, “ನನ್ನ ಹತ್ರ ಸರಿಯಾಗಿ ಹೇಳಿದ್ರೆ ನಾನೇ ಕೊಡ್ತಾ ಇದ್ದೆ ಟೀಚರ್. ಎಂತ ಇಷ್ಟೆಲ್ಲ ಗಲಾಟೆ?” ಎಂದು ಬೇಸರಪಟ್ಟುಕೊಂಡರು. ಈ ಲೋಕದಲ್ಲಿ ಸರಿಯಾಗಿ ಹೇಳಿದ್ದರೆ ಕೊಡುತ್ತಿದ್ದವರ ಸಂಖ್ಯೆ ಬಹಳ ದೊಡ್ಡದು. ಜಮೀಲಾಳ ಸಂಸಾರಕ್ಕೆ ಎರಡನೆಯ ಅಂತಸ್ತಿನ ರಸ್ತೆಕಡೆಯ ಮನೆ ಎಂದು ಕಾಗದವಾಯಿತು. ಸಾಕ್ಷಿ ಹಾಕಲು ನನ್ನನ್ನು ಕರೆದರು. ಮೂರು ಸಲ ಓದಿದೆ. ಎರಡು ಕಾಗುಣಿತ ತಿದ್ದಿ ಆಮೇಲೆ ಸಹಿ ಹಾಕಿದೆ.

ಕಟ್ಟಡ ಮೇಲೇಳಲು ಎರಡು ವರ್ಷ ಹಿಡಿಯಿತು. ಅಷ್ಟು ದಿನ ಅಂಗಡಿಯನ್ನು ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿಗೆ ಸಾಗಿಸಿ, ಸಂಸಾರವನ್ನು ನಮ್ಮ ಬಡಾವಣೆಗೆ ಕರೆತಂದೆ. ನಮ್ಮ ಮಾಳಿಗೆಯಲ್ಲಿ ಎರಡು ಕೋಣೆ ಖಾಲಿ ಇದ್ದವು. ಉಪಕಾರ ಮಾಡುತ್ತಿದ್ದೇನೆ ಎಂಬ ಹಮ್ಮು ನನಗಿತ್ತು. ಒಂದು ವಾರದಲ್ಲೇ ಉಮ್ಮನ ಮುಖ ಬಾಡಿತು.

“ಇಲ್ಲಿ ಒಂದು ಬಸ್ಸೂ ಕೂಗುದಿಲ್ಲ ಮೋಳೆ,” ಎಂದು ಮಗಳಿಗೆ ಹೇಳಿದರು. “ಹೊತ್ತು ಎಷ್ಟಾಯ್ತು ಅಂತ ಗೊತ್ತಾಗುದು ಹೇಗೆ?”

ಆದರೂ ಆ ಎರಡು ವರ್ಷ ನಮ್ಮ ಮನೆಯಲ್ಲಿ ಮಾತಿತ್ತು. ಉಮ್ಮ ಕಪ್ಪೆಗಳನ್ನು ಪೊರಕೆಯಿಂದ ಮೆಲ್ಲಗೆ ಹೊರಗೆ ನಡೆಸುತ್ತಿದ್ದರು. ಪಕ್ಕದ ಮನೆಯವರ ಹೆಸರು, ಅವರ ಮಗಳ ಊರು, ನಾಯಿಯ ಹೆಸರು, ಅದು ಕಚ್ಚುವುದಕ್ಕೆ ಕಾರಣ, ಎಲ್ಲವನ್ನೂ ಹದಿನೈದು ದಿನದಲ್ಲಿ ಸಂಪಾದಿಸಿ ನನಗೆ ವರದಿ ಒಪ್ಪಿಸಿದರು. ಅವರು ಹೊರಟ ದಿನ ನಾನು ಗೇಟಿನಲ್ಲಿ ನಿಂತು ಲಕ್ಷಣವಾಗಿ ಕೈಬೀಸಿದೆ. ಒಳಗೆ ಬಂದು ನಮ್ಮವರೊಡನೆ ವಿನಾಕಾರಣ ಜಗಳವಾಡಿದೆ.

ಹೊಸ ಕಟ್ಟಡದ ಉದ್ಘಾಟನೆಯಲ್ಲಿ ‘ಜೀವಂತಿಕೆ’ ಎಂಬ ಮಾತು ಏಳು ಸಲ ಬಂತು. ಬೇರೆ ಕೆಲಸವಿಲ್ಲದೆ ಎಣಿಸಿದೆ. ಹನ್ನೊಂದರಲ್ಲಿ ಹತ್ತು ಮನೆಗಳನ್ನು ಯಾರ್ಯಾರೋ ದೂರದವರು ಕೊಂಡುಕೊಂಡರು. ಪರದೆ ಎಳೆದು ಬೀಗ ಹಾಕಿ ಹೋದರು. ತಿಂಗಳೊಪ್ಪತ್ತಿನಲ್ಲಿ ಹತ್ತಕ್ಕೆ ಎಂಟು ಬಾಗಿಲಿಗೆ ‘ಹೋಮ್‌ಸ್ಟೇ’ ಎಂಬ ಫಲಕ ಬಂತು. ಹೋಮೂ ಇಲ್ಲ, ಸ್ಟೇಯೂ ಇಲ್ಲ; ಶನಿವಾರ ಬಂದವರು ಭಾನುವಾರ ಮಂಜಿನ ಫೋಟೋ ತೆಗೆದುಕೊಂಡು ಇಳಿದುಹೋಗುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಆ ಕಟ್ಟಡದಲ್ಲಿ ಒಗ್ಗರಣೆಯ ಸದ್ದು ಬರುವುದು ಒಂದೇ ಮನೆಯಿಂದ. ಇಷ್ಟೆಲ್ಲ ಪ್ರೋತ್ಸಾಹದ ನಂತರ ಮುಖ್ಯರಸ್ತೆಯ ಜನಸಂಖ್ಯೆ ಮೊದಲಿದ್ದಷ್ಟೇ ಆಯಿತು. ಇಲ್ಲ, ಒಂದು ಕಡಿಮೆ. ಜಮೀಲಾಳ ಮಗಳು ನರ್ಸಿಂಗ್ ಓದಲು ಮೈಸೂರಿಗೆ ಹೋದಳು.

ಕಳೆದ ವರ್ಷ ಬೇರೆ ಜಿಲ್ಲೆಯೊಂದರಿಂದ ಹದಿನೈದು ಜನ ನಮ್ಮ ಯಶಸ್ಸನ್ನು ನೋಡಿಹೋಗಲು ಬಂದರು. ತಜ್ಞನೂ ಬಂದ, ಗಡ್ಡ ಸ್ವಲ್ಪ ನರೆತಿತ್ತು. ಮನೆಗಳನ್ನು ತೋರಿಸಬೇಕು, ಹತ್ತಕ್ಕೂ ಬೀಗ. ಎಲ್ಲರೂ ಜಮೀಲಾಳ ಮನೆಗೆ ನುಗ್ಗಿದರು. ನಾನು ಅಲ್ಲೇ ಉಮ್ಮನ ಜೊತೆ ಚಾ ಕುಡಿಯುತ್ತಿದ್ದೆ. ತಜ್ಞ ಜಮೀಲಾಳನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ಫೋಟೋಗೆ ಹವಣಿಸಿದ. ಬಾಲ್ಕನಿಯಲ್ಲಿ ತಂತಿ ಕಟ್ಟಿತ್ತು. ತಂತಿಯ ತುಂಬ ಗಂಡನ ಲುಂಗಿ, ಉಮ್ಮನ ಉದ್ದತೋಳಿನ ಕುಪ್ಪಾಯ, ಎರಡು ಟವೆಲ್ಲು.

“ಅಮ್ಮ, ಆ ಬಟ್ಟೆ ಒಂದು ಐದು ನಿಮಿಷ ತೆಗೀಬಹುದಾ? ಫೋಟೋ ಚೆನ್ನಾಗಿ ಬರುತ್ತೆ.”

ಜಮೀಲಾ ಎಡಗೈಯಲ್ಲಿ ತಂತಿ ಹಿಡಿದುಕೊಂಡೇ ನಿಂತಳು. “ಬಟ್ಟೆ ತೆಗೆದ್ರೆ ಇಲ್ಲಿ ಜನ ಇದ್ದಾರೆ ಅಂತ ಹೇಗೆ ಗೊತ್ತಾಗೋದು ಸಾರ್? ಗೋದಾಮು ಅಂದುಕೊಳ್ತಾರೆ.”

ಅವನು 'ಸರಿ ಸರಿ' ಎಂದು ನಕ್ಕು ಹಾಗೇ ತೆಗೆದ.

ನಾಲ್ಕು ತಿಂಗಳ ನಂತರ ಅಚ್ಚಾದ ಪುಸ್ತಕ ಸಮಿತಿಯ ಸದಸ್ಯರಿಗೆಲ್ಲ ಅಂಚೆಯಲ್ಲಿ ಬಂತು. ಮುಖಪುಟದಲ್ಲೇ ಜಮೀಲಾ. ಬಾಲ್ಕನಿ ಥಳಥಳ ಹೊಳೆಯುತ್ತಿತ್ತು. ಲುಂಗಿ ಇರಲಿಲ್ಲ, ಕುಪ್ಪಾಯ ಇರಲಿಲ್ಲ, ಟವೆಲ್ಲು ಇರಲಿಲ್ಲ; ಕಂಪ್ಯೂಟರಿನಲ್ಲಿ ಅಳಿಸಿಹಾಕಿದ್ದರು. ತಂತಿಯನ್ನು ಅಳಿಸುವ ಭರದಲ್ಲಿ ಅದನ್ನು ಹಿಡಿದಿದ್ದ ಕೈಯೂ ಹೋಗಿತ್ತು. ಮೊಣಕೈಯಿಂದ ಕೆಳಗೆ ಬರಿಯ ಆಕಾಶ.

ಅದನ್ನು ಹಿಡಿದುಕೊಂಡು ಬಿಸಿಲಲ್ಲಿ ಅಂಗಡಿಗೆ ಓಡಿದೆ. ದೂರು ಬರೆಯೋಣ, ಪುಸ್ತಕ ವಾಪಸು ತರಿಸೋಣ, ನಾನೇ ಬರೆಯುತ್ತೇನೆ ಎಂದೆಲ್ಲ ಕೂಗಾಡಿದೆ. ಜಮೀಲಾ ಹೊಲಿಗೆ ನಿಲ್ಲಿಸಿ ಚಿತ್ರವನ್ನು ಹತ್ತಿರಕ್ಕೆ ಹಿಡಿದು ನೋಡಿದಳು, ದೂರಕ್ಕೆ ಹಿಡಿದು ನೋಡಿದಳು.

“ಹೋಗ್ಲಿ ಬಿಡಿ ಟೀಚರೇ,” ಎಂದಳು. “ಮೊದಲನೇ ಪುಸ್ತಕದಲ್ಲಿ ನಾನೇ ಇರ್ಲಿಲ್ಲ. ಇದರಲ್ಲಿ ಒಂದು ಕೈ ಮಾತ್ರ ಇಲ್ಲ.”

ಹೇಳಿ, ಅದೇ ಎಡಗೈಯಿಂದ ಬಟ್ಟೆಯನ್ನು ಮೇಜಿಗೆ ಒತ್ತಿ ಹಿಡಿದು, ಕತ್ತರಿ ಆಡಿಸತೊಡಗಿದಳು.